ಪೇಸ್ಟ್ ತಗೊಳ್ಳೋ ಮುಂಚೆ ಟ್ಯೂಬ್ ತಿರುಗಿಸಿ ನೋಡಿ

ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡ ಅಂದ್ರೆ ಎಸ್‌ಎಸ್‌ಎಲ್‌ಸಿವರೆಗೆ ಸೆಕೆಂಡ್ ಲ್ಯಾಂಗ್ವೇಜ್ ಅಷ್ಟೆ. ಅಲ್ಪಪ್ರಾಣ ಮಹಾಪ್ರಾಣ ಎಲ್ಲಾದ್ರೂ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.

ಹೋದ ವರ್ಷ ನಮ್ಮ ಸಂಘದ ರಾಜ್ಯೋತ್ಸವದ ಗ್ರೂಪ್ ಫೋಟೋ ನಿಮ್ಮ ಹತ್ರ ಇದ್ರೆ ಒಂದ್ಸಲ ತೆಗೆದು ನೋಡಿ. ಎರಡನೇ ಸಾಲು, ಬಲಗಡೆಯಿಂದ ಮೂರನೆಯವನು. ಎಲ್ಲರೂ ಹಲ್ಲು ಬಿಟ್ಟು ನಗ್ತಿದ್ದಾರೆ, ಅವನೊಬ್ಬ ಮಾತ್ರ ಯಾರೋ ಬೈದಿದ್ದಾರೆ ಅನ್ನೋ ಥರ ತುಟಿ ಬಿಗಿ ಹಿಡ್ಕೊಂಡು ನಿಂತಿದ್ದಾನೆ. ಅದು ನಾನು. ಅವತ್ತು ಬೇಜಾರೇನೂ ಇರಲಿಲ್ಲ, ಸಖತ್ ಖುಷಿಯಾಗೇ ಇದ್ದೆ. ಹಲ್ಲು ಕಾಣಬಾರದು ಅಂತ ಅಷ್ಟೆ.

ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳಿವೆ, ಮಧ್ಯ ಮಧ್ಯ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ. ನಮ್ಮೂರಲ್ಲಿ ಇದು ವಿಶೇಷ ಅಲ್ಲ. ಪಾವಗಡದ ಯಾವುದೇ ಸ್ಕೂಲಲ್ಲಿ ಒಂದು ಕ್ಲಾಸಿಗೆ ಹೋಗಿ ನೋಡಿ, ನನ್ನ ಥರದವರು ಸಿಗ್ತಾರೆ. ಅದಕ್ಕೇ ಪಿಯುಸಿ ಮುಗಿಯೋವರೆಗೆ ನಾನು ಇದರ ಬಗ್ಗೆ ಯೋಚನೆ ಮಾಡಿದ್ದೇ ಇಲ್ಲ. ಹಾಸ್ಟೆಲಿಗೆ ಬಂದ ಮೊದಲ ವಾರ, ಮಲೆನಾಡಿನ ನನ್ನ ರೂಮ್‌ಮೇಟ್ ತುಂಬಾ ಸಂಕೋಚದಿಂದ, ಯಾರಿಗೂ ಹೇಳಲ್ಲ ಅನ್ನೋ ದನಿಯಲ್ಲಿ ಕೇಳಿದ: "ಮಚ್ಚಾ, ನೀನು ಗುಟ್ಕಾ ಹಾಕ್ತೀಯಾ?" ಕೆಟ್ಟ ಉದ್ದೇಶದಿಂದ ಕೇಳಿದ್ದಲ್ಲ. ಆದ್ರೆ ಅವತ್ತಿನಿಂದ ನಗುವಾಗ ಬಾಯಿಗೆ ಕೈ ಅಡ್ಡ ಇಡೋದು ಅಭ್ಯಾಸ ಆಯ್ತು.

ಆಮೇಲೆ ಏನು ಮಾಡಿದೆ ಅಂತ ನೀವೇ ಊಹಿಸಬಹುದು. ಫೋನ್ ತೆಗೆದು ಹುಡುಕಿದೆ. ಮೊದಲು ಒಂದು ವೈಟನಿಂಗ್ ಪೇಸ್ಟ್, ಒಂದು ತಿಂಗಳಲ್ಲಿ ಫಲಿತಾಂಶ ಅಂತ ಇತ್ತು. ಆಮೇಲೆ ಕರ್ರಗಿರೋ ಚಾರ್ಕೋಲ್ ಪೇಸ್ಟ್. ಅದೂ ಆಗಲಿಲ್ಲ ಅಂತ ಒಂದು ಪುಡಿ. ಮೂರು ತಿಂಗಳಲ್ಲಿ ಸಾವಿರದ ನೂರು ರೂಪಾಯಿ ಮೇಲೆ ಖರ್ಚಾಯ್ತು. ಮನೆಯಿಂದ ಬರೋ ದುಡ್ಡಲ್ಲಿ ಅದು ಎಷ್ಟು ದಿನದ ಸಂಜೆ ತಿಂಡಿ ಅಂತ ಹಾಸ್ಟೆಲಲ್ಲಿ ಇರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಮೂರು ಸಲ, ಗಟ್ಟಿ ಬ್ರಷ್ಷಲ್ಲಿ, ಪಾತ್ರೆ ತಳ ಉಜ್ಜಿದ ಹಾಗೆ ಉಜ್ಜಿದೆ. ಕಲೆ ಒಂದು ಚೂರೂ ಅಲ್ಲಾಡಲಿಲ್ಲ. ವಸಡು ಕೆಂಪಾಯ್ತು, ರಕ್ತ ಬಂತು, ಕೊನೆಗೆ ಮೆಸ್ಸಿನ ಮಜ್ಜಿಗೆ ಕುಡಿದ್ರೂ ಹಲ್ಲು ಜುಂ ಅನ್ನೋಕೆ ಶುರುವಾಯ್ತು.

ಆಗ ಹೆದರಿ ಒಂದು ಡೆಂಟಲ್ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹೋದೆ. ನನ್ನಷ್ಟೇ ವಯಸ್ಸಿನ, ಸ್ವಲ್ಪ ದೊಡ್ಡವರಿರಬಹುದು, ಒಬ್ಬ ಡಾಕ್ಟರ್ ಬಾಯಿ ತೆಗೆಸಿ ನೋಡಿದ್ರು. ಅವರು ಕೇಳಿದ ಮೊದಲ ಪ್ರಶ್ನೆ "ಯಾವ ಪೇಸ್ಟ್ ಯೂಸ್ ಮಾಡ್ತೀರ?" ಅಂತ ಅಲ್ಲ. "ಯಾವ ಊರು?" ಅಂತ. ಪಾವಗಡ ಅಂದೆ. ಅಷ್ಟೆ, ಅರ್ಥ ಆಯ್ತು ಅನ್ನೋ ಥರ ತಲೆ ಆಡಿಸಿದ್ರು. "ಇದು ಹೊರಗಿಂದ ಹತ್ತಿದ ಕೊಳೆ ಅಲ್ಲ ಕಣ್ರೀ, ಉಜ್ಜಿದ್ರೆ ಹೋಗೋಕೆ. ಹಲ್ಲು ತಯಾರಾಗುವಾಗಲೇ ಒಳಗೆ ಸೇರಿಕೊಂಡಿದ್ದು. ನೀವು ಮೂರು ತಿಂಗಳು ಉಜ್ಜಿ ಸವೆಸಿದ್ದು ಕಲೆಯನ್ನಲ್ಲ, ಹಲ್ಲನ್ನ."

ಆ ಮಾತು ಕೇಳಿದ ಮೇಲೆ ನಾನು ಪೇಸ್ಟಿನ ಬಗ್ಗೆ ಓದೋಕೆ ಶುರು ಮಾಡಿದ್ದು. ಓದಿದ ಮೇಲೆ ಅನ್ನಿಸಿದ್ದು ಇದು: ನಾವು ಪೇಸ್ಟ್ ಆರಿಸೋದು ಟ್ಯೂಬಿನ ಮುಂಭಾಗ ನೋಡಿ, ಆದ್ರೆ ನಮಗೆ ಬೇಕಾದ ವಿಷಯ ಎಲ್ಲ ಇರೋದು ಹಿಂಭಾಗದಲ್ಲಿ. ಮುಂಭಾಗ ನಮ್ಮ ಆಸೆ ಮತ್ತೆ ನಾಚಿಕೆಯ ಜೊತೆ ಮಾತಾಡುತ್ತೆ, ಹಿಂಭಾಗ ಹಲ್ಲಿನ ಜೊತೆ. ಹಿಂಭಾಗ ಓದಿದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಅಂಗಡಿಯ ಅತಿ ಸಾದಾ ಪೇಸ್ಟೇ ಸಾಕು ಅಂತ ಗೊತ್ತಾಗುತ್ತೆ.

ಮೊದಲು ಒಂದು ಸುಳ್ಳನ್ನ ಪಕ್ಕಕ್ಕೆ ಇಡೋಣ, ಯಾಕಂದ್ರೆ ಹಿಂಭಾಗ ನೋಡಿ ಅಂದ ತಕ್ಷಣ ಎಲ್ಲರೂ ಟ್ಯೂಬಿನ ಬಾಲದಲ್ಲಿರೋ ಬಣ್ಣದ ಚೌಕವನ್ನೇ ನೋಡ್ತಾರೆ. ಹಸಿರು ಇದ್ರೆ ನ್ಯಾಚುರಲ್, ಕಪ್ಪು ಇದ್ರೆ ಪೂರ್ತಿ ಕೆಮಿಕಲ್ ಅಂತ ಒಂದು ಫಾರ್ವರ್ಡ್ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ವರ್ಷಕ್ಕೆರಡು ಸಲ ಬರುತ್ತೆ. ಅದಕ್ಕೂ ಒಳಗಿನ ಪೇಸ್ಟಿಗೂ ಯಾವ ಸಂಬಂಧವೂ ಇಲ್ಲ. ಟ್ಯೂಬಿಗೆ ಪೇಸ್ಟ್ ತುಂಬೋದು ಮುಚ್ಚಳದ ಕಡೆಯಿಂದ ಅಲ್ಲ, ಬಾಲದ ಕಡೆಯಿಂದ. ತುಂಬಿದ ಮೇಲೆ ಬಾಲವನ್ನ ಒತ್ತಿ ಮುಚ್ಚಬೇಕು, ಆದ್ರೆ ಮುದ್ರಣ ಸರಿಯಾಗಿ ಮುಂದಕ್ಕೆ ಬರೋ ಹಾಗೆ ನಿಂತಾಗಲೇ ಒತ್ತಬೇಕು. ಅದಕ್ಕೆ ಮಷೀನ್ ಟ್ಯೂಬನ್ನ ತಿರುಗಿಸುತ್ತೆ, ಒಂದು ಫೋಟೋ ಸೆನ್ಸರ್ ಆ ಚೌಕವನ್ನ ಹುಡುಕುತ್ತೆ, ಸಿಕ್ಕಿದ ತಕ್ಷಣ ನಿಲ್ಲಿಸುತ್ತೆ. ಹಿನ್ನೆಲೆ ಬಣ್ಣಕ್ಕಿಂತ ಎದ್ದು ಕಾಣೋ ಯಾವ ಬಣ್ಣ ಆದ್ರೂ ಸರಿ. ಇದು ನಮ್ಮ ಸೆನ್ಸರ್ ಲ್ಯಾಬಿನ ಪ್ರಶ್ನೆ, ಆರೋಗ್ಯದ ಪ್ರಶ್ನೆ ಅಲ್ಲ. ಇಂಜಿನಿಯರಿಂಗ್ ಓದ್ತಿರೋ ನಾವೇ ಅದನ್ನ ಫಾರ್ವರ್ಡ್ ಮಾಡಿದ್ರೆ ಹೇಗೆ?

ಹಾಗಾದ್ರೆ ನೋಡಬೇಕಾದ್ದು ಏನು? ಮೊದಲನೇದು ಫ್ಲೋರೈಡ್.

ಹಲ್ಲಿನ ಹೊರಪದರ ಎನಾಮಲ್. ಅದು ಹೆಚ್ಚುಕಡಿಮೆ ಪೂರ್ತಿ ಹೈಡ್ರಾಕ್ಸಿಅಪಟೈಟ್ ಅನ್ನೋ ಖನಿಜ, ಅಂದ್ರೆ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತೆ ಹೈಡ್ರಾಕ್ಸೈಡ್ ಸೇರಿದ್ದು. ನಾವು ಸಿಹಿ ತಿಂದಾಗ ಬಾಯಲ್ಲಿರೋ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನ ಆಮ್ಲ ಮಾಡ್ತವೆ. ಹಲ್ಲಿನ ಮೇಲ್ಮೈಯಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದ್ರೆ ಎನಾಮಲ್ ಕರಗೋಕೆ ಶುರು. ಎಂಜಲು ಮತ್ತೆ ಪಿಎಚ್ ಮೇಲಕ್ಕೆ ತಂದಾಗ ಖನಿಜ ವಾಪಸ್ ಕೂರುತ್ತೆ. ದಿನವಿಡೀ ಬಾಯಲ್ಲಿ ಈ ಹಗ್ಗಜಗ್ಗಾಟ ನಡೀತಾನೇ ಇರುತ್ತೆ. ಖನಿಜ ವಾಪಸ್ ಕೂರುವಾಗ ಅಲ್ಲಿ ಸ್ವಲ್ಪ ಫ್ಲೋರೈಡ್ ಇದ್ರೆ ಅದು ಹೈಡ್ರಾಕ್ಸೈಡ್ ಜಾಗದಲ್ಲಿ ಸೇರಿಕೊಂಡು, ಆಮ್ಲಕ್ಕೆ ಅಷ್ಟು ಸುಲಭವಾಗಿ ಕರಗದ ಖನಿಜ ಆಗುತ್ತೆ. ಹುಳುಕು ತಡೆಯೋದರಲ್ಲಿ ಪೇಸ್ಟಿನ ನಿಜವಾದ ಕೆಲಸ ಇದೇ. ನೊರೆ, ಪುದೀನಾ, ತಣ್ಣಗಿನ ಅನುಭವ ಎಲ್ಲ ನಮ್ಮ ಸಮಾಧಾನಕ್ಕೆ.

ನಮ್ಮ ದೇಶದ ನಿಯಮದ ಪ್ರಕಾರ ಟೂತ್‌ಪೇಸ್ಟಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರೋ ಹಾಗಿಲ್ಲ, ಎಷ್ಟಿದೆ ಅಂತ ಟ್ಯೂಬ್ ಮೇಲೆ ಮುದ್ರಿಸಬೇಕು. ಹಿಂಭಾಗದಲ್ಲಿ ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೋನೋಫ್ಲೋರೋಫಾಸ್ಫೇಟ್ ಅನ್ನೋ ಹೆಸರು ಹುಡುಕಿ, ಪಕ್ಕದಲ್ಲೋ ಕೆಳಗೋ ಪಿಪಿಎಂ ಸಂಖ್ಯೆ ಸಿಗುತ್ತೆ. ಎರಡನೇ ಹೆಸರು ನೋಡಿ ಹೆದರಬೇಡಿ. ಕಡಿಮೆ ಬೆಲೆಯ ಪೇಸ್ಟಲ್ಲಿ ಉಜ್ಜೋಕೆ ಹಾಕೋದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಜೊತೆ ಸೋಡಿಯಂ ಫ್ಲೋರೈಡ್ ಹಾಕಿದ್ರೆ ಫ್ಲೋರೈಡ್ ಟ್ಯೂಬ್ ಒಳಗೇ ಕ್ಯಾಲ್ಸಿಯಂ ಜೊತೆ ಸೇರಿ ಕೆಲಸಕ್ಕೆ ಬಾರದ ಹಾಗಾಗುತ್ತೆ. ಅದಕ್ಕೇ ಆ ಉದ್ದ ಹೆಸರಿನದು. ದುಬಾರಿ ಪೇಸ್ಟಲ್ಲಿ ಸಾಮಾನ್ಯವಾಗಿ ಸಿಲಿಕಾ ಮತ್ತೆ ಸೋಡಿಯಂ ಫ್ಲೋರೈಡ್ ಇರುತ್ತೆ. ಎರಡೂ ಹುಳುಕು ತಡೆಯುತ್ತವೆ.

ಇನ್ನೊಂದು ಮಾತು. "ಹರ್ಬಲ್" ಅಂತ ಬರೆದಿರೋ ಎಷ್ಟೋ ಪೇಸ್ಟಲ್ಲಿ ಫ್ಲೋರೈಡ್ ಇರೋದೇ ಇಲ್ಲ. ನಮ್ಮಜ್ಜಿ ಬೇವಿನ ಕಡ್ಡಿಯಲ್ಲೇ ಉಜ್ಜಿದವರು, ಅಪ್ಪನ ಬಾಲ್ಯ ಪೂರ್ತಿ ಹಲ್ಲುಪುಡಿ. ನಂಜನಗೂಡಿನ ಗುಲಾಬಿ ಬಣ್ಣದ ಹಲ್ಲುಪುಡಿ ನೆನೆಸಿಕೊಂಡ್ರೆ ಈಗಲೂ ಅಪ್ಪನ ಮುಖ ಅರಳುತ್ತೆ. ಅದನ್ನೆಲ್ಲ ನಾನು ಗೇಲಿ ಮಾಡ್ತಿಲ್ಲ. ಕಡ್ಡಿಯಿಂದಲೋ ಪುಡಿಯಿಂದಲೋ ಚೆನ್ನಾಗಿ ಉಜ್ಜಿದ್ರೆ ಕೊಳೆ ಹೋಗುತ್ತೆ. ಆದ್ರೆ ಅವರ ಕಾಲದಲ್ಲಿ ದಿನಕ್ಕೆ ಎರಡು ಬಿಸ್ಕತ್ ಪ್ಯಾಕ್, ಒಂದು ಕೂಲ್‌ಡ್ರಿಂಕ್ ಇರಲಿಲ್ಲ. ನಾವು ತಿನ್ನೋದು ಬದಲಾದ ಮೇಲೆ ಬಾಯಿಗೆ ಬೇಕಾದ ರಕ್ಷಣೆಯೂ ಬದಲಾಗುತ್ತೆ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು, ನಾನೂ ಡಾಕ್ಟರ್ ಹತ್ರ ಅದನ್ನೇ ಕೇಳಿದ್ದೆ. ಪಾವಗಡದ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದ್ದಿದ್ದಕ್ಕೇ ಅಲ್ವಾ ನನ್ನ ಹಲ್ಲು ಹೀಗಾಗಿದ್ದು? ಈಗ ಅದನ್ನೇ ಪೇಸ್ಟಲ್ಲಿ ಹಾಕ್ಕೊಳ್ಳಿ ಅಂದ್ರೆ ಹೇಗೆ?

ಉತ್ತರ ಎರಡು ಮಾತಲ್ಲಿದೆ: ಯಾವಾಗ, ಮತ್ತೆ ಎಲ್ಲಿ. ನಮ್ಮ ಕಡೆ ನೆಲದಡಿ ಗ್ರಾನೈಟ್ ಬಂಡೆ. ಆಳದ ಬೋರ್‌ವೆಲ್ ನೀರು ಆ ಬಂಡೆಯ ಸಂದಿಗಳಲ್ಲಿ ವರ್ಷಗಟ್ಟಲೆ ನಿಂತು, ಕಲ್ಲಿನಲ್ಲಿರೋ ಫ್ಲೋರೈಡ್ ಕರಗಿಸಿಕೊಂಡು ಮೇಲೆ ಬರುತ್ತೆ. ಪಾವಗಡ ಮಾತ್ರ ಅಲ್ಲ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳ, ಗದಗದ ಮುಂಡರಗಿ ಕಡೆಯವರಿಗೂ ಈ ಕಥೆ ಗೊತ್ತು. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ರೆ 1.5ರವರೆಗೆ ಅನ್ನೋದು ನಮ್ಮ ದೇಶದ ಮಾನದಂಡ. ಮಗುವಿನ ಶಾಶ್ವತ ಹಲ್ಲುಗಳ ಎನಾಮಲ್ ದವಡೆ ಒಳಗೆ ತಯಾರಾಗೋದು ಹುಟ್ಟಿದಾಗಿನಿಂದ ಹೆಚ್ಚುಕಡಿಮೆ ಎಂಟು ವರ್ಷದ ತನಕ. ಆ ಸಮಯದಲ್ಲಿ ಹೊಟ್ಟೆಗೆ ಹೋದ ಫ್ಲೋರೈಡ್ ಜಾಸ್ತಿಯಾದ್ರೆ ಎನಾಮಲ್ ಸರಿಯಾಗಿ ಕಟ್ಟಿಕೊಳ್ಳಲ್ಲ, ಕಲೆ ಉಳಿಯುತ್ತೆ. ಒಮ್ಮೆ ಹಲ್ಲು ಪೂರ್ತಿ ತಯಾರಾದ ಮೇಲೆ ಈ ಥರ ಹೊಸ ಕಲೆ ಬರಲ್ಲ. ದೊಡ್ಡವರು ಪೇಸ್ಟ್ ನುಂಗೋದಿಲ್ಲ, ಉಗುಳ್ತಾರೆ, ಅದು ಮೇಲಿಂದ ಮೇಲೆ ಕೆಲಸ ಮಾಡುತ್ತೆ. ಹಾಗಾಗಿ ನನ್ನಂಥವನಿಗೂ ಫ್ಲೋರೈಡ್ ಪೇಸ್ಟೇ ಸರಿ ಅಂತ ಅವರು ಹೇಳಿದ್ರು. ದೊಡ್ಡವರೂ ಆ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಮೂಳೆ, ಕೀಲುಗಳಿಗೆ ತೊಂದರೆ ಆಗುತ್ತೆ, ಅದು ಬೇರೆ ವಿಷಯ. ಅಲ್ಲಿ ಬದಲಾಯಿಸಬೇಕಾದ್ದು ನೀರನ್ನ.

ಈಗ ಯಾರಿಗೆ ಯಾವ ಪೇಸ್ಟ್ ಅನ್ನೋದಕ್ಕೆ ಬರ್ತೀನಿ. ನಾನು ಡಾಕ್ಟರ್ ಅಲ್ಲ, ಓದಿದ್ದು, ಕೇಳಿದ್ದು ಹೇಳ್ತಿದ್ದೀನಿ.

ನಿಮ್ಮ ಹಲ್ಲಿಗೆ ಏನೂ ತೊಂದರೆ ಇಲ್ವಾ? 1000 ಪಿಪಿಎಂ ಹತ್ತಿರ ಫ್ಲೋರೈಡ್ ಇರೋ, ಅವಧಿ ಮುಗಿಯದ, ನಿಮಗೆ ರುಚಿ ಹಿಡಿಸೋ ಅತಿ ಕಡಿಮೆ ಬೆಲೆಯ ಪೇಸ್ಟ್ ತಗೊಳ್ಳಿ. ಮುಂದೆ ಯೋಚನೆ ಮಾಡಬೇಡಿ.

ತಣ್ಣಗಿದ್ದು, ಸಿಹಿ ತಿಂದ್ರೆ ಜುಂ ಅನ್ನುತ್ತಾ? ಪೊಟ್ಯಾಸಿಯಂ ನೈಟ್ರೇಟ್ ಇರೋ ಪೇಸ್ಟ್ ನೋಡಿ, ಸಾಮಾನ್ಯವಾಗಿ ಶೇಕಡಾ 5 ಅಂತ ಬರೆದಿರುತ್ತೆ. ಅದು ಹಲ್ಲಿನ ನರ ಸುಮ್ಮನಾಗೋ ಹಾಗೆ ಮಾಡುತ್ತೆ, ಆದ್ರೆ ಒಂದೇ ದಿನದಲ್ಲಿ ಅಲ್ಲ, ಕೆಲವು ವಾರ ಬಿಡದೆ ಬಳಸಬೇಕು. ಅದರಲ್ಲೂ ಫ್ಲೋರೈಡ್ ಇದೆಯಾ ಅಂತ ನೋಡ್ಕೊಳ್ಳಿ. ಒಂದೇ ಹಲ್ಲಲ್ಲಿ ನೋವಿದ್ರೆ, ರಾತ್ರಿ ನಿದ್ದೆ ಕೆಡಿಸಿದ್ರೆ ಅದು ಪೇಸ್ಟಿನ ಕೆಲಸ ಅಲ್ಲ, ಡಾಕ್ಟರ್ ಕೆಲಸ.

ವಸಡಲ್ಲಿ ರಕ್ತ ಬರುತ್ತಾ? ಹೆಚ್ಚಿನ ಸಲ ಕಾರಣ ಹಲ್ಲಿನ ಬುಡದಲ್ಲಿ ಕೂತಿರೋ ಕೊಳೆ, ಇಲ್ಲ ಅಂದ್ರೆ ನನ್ನ ಥರದ ಒರಟು ಉಜ್ಜಾಟ. ಮೆತ್ತನೆ ಬ್ರಷ್ ತಗೊಂಡು ಬುಡದ ಹತ್ರ ನಿಧಾನವಾಗಿ ಉಜ್ಜಿ. ಕೊಳೆ ಗಟ್ಟಿಯಾಗಿ ಕಲ್ಲಿನ ಥರ ಆಗಿದ್ರೆ ಯಾವ ಪೇಸ್ಟಿಗೂ ಅದು ಬಗ್ಗಲ್ಲ, ಕ್ಲೀನಿಂಗ್ ಮಾಡಿಸಲೇಬೇಕು.

ಬಾಯಲ್ಲಿ ಪದೇ ಪದೇ ಹುಣ್ಣಾಗುತ್ತಾ? ನೊರೆಗೋಸ್ಕರ ಹಾಕೋ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರಿಗೆ ಒಗ್ಗಲ್ಲ. ಅದಿಲ್ಲದ ಪೇಸ್ಟನ್ನ ಒಂದೆರಡು ತಿಂಗಳು ಪ್ರಯತ್ನ ಮಾಡಿ ನೋಡಬಹುದು.

ಹಲ್ಲು ಬೆಳ್ಳಗಾಗಬೇಕಾ? ವೈಟನಿಂಗ್ ಪೇಸ್ಟ್ ಅಂದ್ರೆ ಹೆಚ್ಚಾಗಿ ಸ್ವಲ್ಪ ಜಾಸ್ತಿ ಉಜ್ಜೋ ಪುಡಿ ಇರೋ ಪೇಸ್ಟ್. ಕಾಫಿ, ಟೀ, ಎಲೆ ಅಡಿಕೆಯಿಂದ ಮೇಲೆ ಹತ್ತಿದ ಕಲೆಯನ್ನ ಅದು ಸ್ವಲ್ಪ ಕಡಿಮೆ ಮಾಡಬಹುದು. ಕೆಲವು ಪೇಸ್ಟಲ್ಲಿ ನೀಲಿ ಬಣ್ಣ ಹಾಕಿರ್ತಾರೆ. ಬಿಳಿ ಪಂಚೆಗೆ ನೀಲಿ ಹಾಕ್ತಾರಲ್ಲ, ಅದೇ ಉಪಾಯ, ಹಳದಿ ಕಮ್ಮಿ ಕಾಣುತ್ತೆ ಅಷ್ಟೆ. ಹಲ್ಲಿನ ಒಳಗಿನ ಬಣ್ಣ, ನನ್ನ ಥರದ ಕಲೆ, ಇವನ್ನ ಪೇಸ್ಟ್ ಮುಟ್ಟೋಕೂ ಆಗಲ್ಲ. ಅದಕ್ಕೆ ಡಾಕ್ಟರ್ ಹತ್ರ ಬೇರೆ ಚಿಕಿತ್ಸೆಗಳಿವೆ, ಕಲೆ ಎಷ್ಟು ಆಳ ಅನ್ನೋದರ ಮೇಲೆ ಅವರು ಹೇಳ್ತಾರೆ. ಬೇಕು ಅನ್ನಿಸಿದ್ರೆ ಮಾಡಿಸಿಕೊಳ್ಳಬಹುದು, ಬೇಡ ಅಂದ್ರೂ ನಡೆಯುತ್ತೆ.

ಇನ್ನು ದುಡ್ಡಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ, ಒಳ್ಳೇದೇ. ಆದ್ರೆ ಅದಕ್ಕಿಂತ ದೊಡ್ಡ ಉಳಿತಾಯ ನಮ್ಮ ಬ್ರಷ್ ಮೇಲೇ ಇದೆ. ಜಾಹೀರಾತಲ್ಲಿ ಪೇಸ್ಟನ್ನ ಬ್ರಷ್ಷಿನ ಉದ್ದಕ್ಕೂ ಅಲೆ ಅಲೆಯಾಗಿ ಹಾಕ್ತಾರಲ್ಲ, ಅದನ್ನ ನಾನು ಲ್ಯಾಬಿನ ತಕ್ಕಡಿಯಲ್ಲಿ ತೂಗಿದೆ. (ಸರ್, ಓದ್ತಿದ್ರೆ ಕ್ಷಮಿಸಿ, ತಕ್ಕಡಿ ಒರೆಸಿಟ್ಟಿದ್ದೀನಿ.) ಒಂದು ಅಲೆ 1.3 ಗ್ರಾಂ. ಒಂದು ಬಟಾಣಿ ಕಾಳಿನಷ್ಟು ಹಾಕಿದ್ರೆ 0.3 ಗ್ರಾಂ. ದೊಡ್ಡವರಿಗೂ ಬಟಾಣಿಯಷ್ಟು ಸಾಕು.

ದಿನಕ್ಕೆ ಎರಡು ಸಲ ಅಂತ ಲೆಕ್ಕ ಹಾಕಿ. ಅಲೆ ಹಾಕೋನಿಗೆ ದಿನಕ್ಕೆ 2.6 ಗ್ರಾಂ, ನೂರು ಗ್ರಾಂ ಟ್ಯೂಬ್ 38 ದಿನಕ್ಕೆ ಖಾಲಿ. ಬಟಾಣಿಯವನಿಗೆ ದಿನಕ್ಕೆ 0.6 ಗ್ರಾಂ, ಅದೇ ಟ್ಯೂಬ್ ಐದು ತಿಂಗಳ ಮೇಲೆ ಬರುತ್ತೆ. ನೂರು ಗ್ರಾಮಿಗೆ 60 ರೂಪಾಯಿ ಅಂದ್ಕೊಂಡ್ರೆ ವರ್ಷಕ್ಕೆ ಮೊದಲನೆಯವನಿಗೆ ಸುಮಾರು 570 ರೂಪಾಯಿ, ಎರಡನೆಯವನಿಗೆ 130. ಇನ್ನೂ ಒಂದು ಮಜಾ ಇದೆ. ಸೆನ್ಸಿಟಿವ್ ಪೇಸ್ಟ್ ನೂರು ಗ್ರಾಮಿಗೆ 190 ಅಂದ್ರೂ ಬಟಾಣಿ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 416. ಅಂದ್ರೆ ಸಾದಾ ಪೇಸ್ಟ್ ದಂಡ ಮಾಡೋನಿಗಿಂತ ದುಬಾರಿ ಪೇಸ್ಟ್ ಹಿತವಾಗಿ ಬಳಸೋನಿಗೇ ಖರ್ಚು ಕಡಿಮೆ. ಪೇಸ್ಟ್ ಕೊಳ್ಳುವಾಗ ಟ್ಯೂಬಿನ ಬೆಲೆ ನೋಡಬೇಡಿ, ಬೆಲೆಯನ್ನ ಗ್ರಾಮಿನಿಂದ ಭಾಗಿಸಿ. "ಇಪ್ಪತ್ತು ಗ್ರಾಂ ಉಚಿತ" ಅನ್ನೋದರ ಅಸಲಿ ಮುಖ ಆಗ ಕಾಣುತ್ತೆ. ಉಳಿದ ದುಡ್ಡಲ್ಲಿ ಮೂರು ತಿಂಗಳಿಗೊಂದು ಮೆತ್ತನೆ ಬ್ರಷ್ ತಗೊಳ್ಳಿ. ರಾತ್ರಿ ಮಲಗೋ ಮುಂಚೆ ಉಜ್ಜಿ, ನೊರೆ ಉಗುಳಿದ ಮೇಲೆ ಲೋಟಗಟ್ಟಲೆ ನೀರಲ್ಲಿ ಬಾಯಿ ಮುಕ್ಕಳಿಸಬೇಡಿ, ಕೆಲಸ ಮಾಡಬೇಕಾದ ಫ್ಲೋರೈಡ್ ಪೂರ್ತಿ ಬೇಸಿನ್ನಿಗೆ ಹೋಗುತ್ತೆ. ಇದಕ್ಕೆಲ್ಲ ಒಂದು ಪೈಸೆಯೂ ಖರ್ಚಿಲ್ಲ.

ಈ ಲೆಕ್ಕ ಎಲ್ಲ ಹಾಸ್ಟೆಲಲ್ಲಿ ತಮಾಷೆಯಾಗೇ ಇತ್ತು. ದೀಪಾವಳಿಗೆ ಊರಿಗೆ ಹೋದಾಗ ಅದು ತಮಾಷೆಯಾಗಿ ಉಳಿಯಲಿಲ್ಲ.

ನಮ್ಮ ಚಿಕ್ಕಮ್ಮನ ಮಗಳಿಗೆ ನಾಲ್ಕು ವರ್ಷ. ಬೆಳಿಗ್ಗೆ ಅವಳು ಬಚ್ಚಲಿನ ಮೆಟ್ಟಿಲ ಮೇಲೆ ಕೂತು ಹಲ್ಲುಜ್ಜುತ್ತಿದ್ಳು. ಬ್ರಷ್ ಮೇಲೆ ದೊಡ್ಡವರ ಪೇಸ್ಟ್, ಜಾಹೀರಾತಿನ ಹಾಗೇ ಒಂದು ಅಲೆ. ಅರ್ಧ ಉಜ್ಜಿದ್ಳು, ಅರ್ಧ ಐಸ್‌ಕ್ರೀಮ್ ಥರ ನೆಕ್ಕಿ ನುಂಗಿದ್ಳು. ಚಿಕ್ಕಮ್ಮ ನಗ್ತಾ "ಅವಳಿಗೆ ಸಿಹಿ ಪೇಸ್ಟ್ ಅಂದ್ರೆ ಪ್ರಾಣ" ಅಂದ್ರು.

ನನ್ನ ತಲೆಯಲ್ಲಿ ಆ ತಕ್ಕಡಿಯ ಅಂಕಿ ಓಡ್ತಿತ್ತು. 1000 ಪಿಪಿಎಂ ಅಂದ್ರೆ ಒಂದು ಗ್ರಾಂ ಪೇಸ್ಟಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್. 1.3 ಗ್ರಾಂ ಪೂರ್ತಿ ನುಂಗಿದ್ರೆ 1.3 ಮಿಲಿಗ್ರಾಂ. ಕುಡಿಯೋ ನೀರಿನ ಮಿತಿಯ ಅಂಚಲ್ಲಿರೋ ನೀರನ್ನ ಹೆಚ್ಚುಕಡಿಮೆ ಒಂದು ಲೀಟರ್ ಕುಡಿದ ಹಾಗೆ, ಒಂದೇ ಸಲದ ಬ್ರಷ್ಷಿಗೆ. ಅದರ ಮೇಲೆ ನಮ್ಮೂರ ನೀರು. ಮನೇಲಿ ಕುಡಿಯೋಕೆ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರ್ತಾರೆ, ಆದ್ರೆ ಅನ್ನ, ಸಾರು, ಕಾಫಿ ಎಲ್ಲ ಬೋರ್ ನೀರಲ್ಲೇ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ. ಆ ಮಗುವಿನ ಶಾಶ್ವತ ಹಲ್ಲುಗಳು ಇನ್ನೂ ದವಡೆ ಒಳಗೆ ತಯಾರಾಗ್ತಾ ಇವೆ. ನನ್ನ ಹಲ್ಲಿಗೆ ಆಗೋದು ಆಗಿಹೋಗಿದೆ, ಅವಳದು ಇನ್ನೂ ಬರೆಯದ ಪುಟ.

ಚಿಕ್ಕಮ್ಮನಿಗೆ ಹೇಳಿದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಅಂತ ಡಾಕ್ಟರುಗಳು ಹೇಳ್ತಾರೆ. ದೊಡ್ಡವರೇ ಹಾಕಿಕೊಡಬೇಕು, ಪಕ್ಕದಲ್ಲಿ ನಿಂತು ಉಗುಳಿಸಬೇಕು. ನಮ್ಮಂಥ ಊರಲ್ಲಿ ಮಗುವಿಗೆ ಯಾವ ಪೇಸ್ಟ್ ಅಂತ ಒಂದ್ಸಲ ಹಲ್ಲಿನ ಡಾಕ್ಟರನ್ನೇ ಕೇಳೋದು ಒಳ್ಳೇದು. ಅಡುಗೆಗೂ ಕ್ಯಾನ್ ನೀರೇ ಹಾಕಿ ಅಂತಾನೂ ಹೇಳಿದೆ. ಚಿಕ್ಕಮ್ಮ ಟ್ಯೂಬ್ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ರು. "ಇದರಲ್ಲಿ ಎಲ್ಲಿ ಬರೆದಿದೆಯೋ ಅದೆಲ್ಲ?" ಅಂತ ಕೇಳಿದ್ರು. ಬರೆದಿತ್ತು. ಇಂಗ್ಲಿಷಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಚಿಕ್ಕಮ್ಮ ಕನ್ನಡ ಪೇಪರ್ ದಿನಾ ಓದ್ತಾರೆ, ಏಳನೇ ಕ್ಲಾಸ್ ಪಾಸಾದವರು. ಅವರಿಗೆ ಆ ಟ್ಯೂಬ್ ಏನೂ ಹೇಳಲಿಲ್ಲ.

ವಾಪಸ್ ಬಂದ ಮೇಲೆ ನಮ್ಮ ಫ್ಲೋರಿನ ಎಲ್ಲ ರೂಮಿಗೂ ಹೋಗಿ ಟ್ಯೂಬ್ ನೋಡಿದೆ, ಒಟ್ಟು ಹದಿನೇಳು. ಫ್ಲೋರೈಡ್ ಎಷ್ಟು, ಮಕ್ಕಳಿಗೆ ಎಷ್ಟು ಹಾಕಬೇಕು ಅನ್ನೋದು ಒಂದರಲ್ಲೂ ಕನ್ನಡದಲ್ಲಿ ಇರಲಿಲ್ಲ. ಟಿವಿಯಲ್ಲಿ ಇವೇ ಪೇಸ್ಟುಗಳ ಜಾಹೀರಾತು ಎಷ್ಟು ಚೆಂದದ ಕನ್ನಡ ಮಾತಾಡುತ್ತೆ! ಮಾರೋಕೆ ಕನ್ನಡ ಬೇಕು, ಎಚ್ಚರಿಕೆ ಹೇಳೋಕೆ ಬೇಡ. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗೋ ಸರಕಿನ ಮೇಲೆ ಹೆಸರು, ಬಳಸೋ ವಿಧಾನ ಕನ್ನಡದಲ್ಲೂ ಇರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಲ್ಲಿದೆ. ಆದ್ರೆ ಹೊರಗಡೆ ತಯಾರಾಗಿ ಬರೋ ಟ್ಯೂಬಿಗೆ ಅದು ಅನ್ವಯಿಸಲ್ಲ. ಕನ್ನಡ ಅಂದ್ರೆ ಬರೀ ಬೋರ್ಡಿನ ಮೇಲಿನ ಅಕ್ಷರ ಅಂತ ನಾನು ಅಂದ್ಕೊಂಡಿದ್ದೆ. ಒಂದು ಮಗುವಿನ ಹಲ್ಲಿನ ಪ್ರಶ್ನೆಯೂ ಹೌದು ಅಂತ ಗೊತ್ತಾಗಿದ್ದು ಚಿಕ್ಕಮ್ಮನ ಕೈಯಲ್ಲಿ ಆ ಟ್ಯೂಬ್ ನೋಡಿದಾಗ.

ಅದಕ್ಕೆ ಸಂಘಕ್ಕೆ ನನ್ನದೊಂದು ಕೋರಿಕೆ. ಈ ಸಲದ ರಾಜ್ಯೋತ್ಸವಕ್ಕೆ ಅರ್ಧ ಪುಟದ ಒಂದು ಕನ್ನಡ ಚೀಟಿ ಮಾಡೋಣ: ಟ್ಯೂಬಲ್ಲಿ ಏನು ನೋಡಬೇಕು, ಮಕ್ಕಳಿಗೆ ಎಷ್ಟು ಹಾಕಬೇಕು, ಅಕ್ಕಿ ಕಾಳು ಮತ್ತೆ ಬಟಾಣಿಯ ನಿಜ ಗಾತ್ರದ ಚಿತ್ರ. ಯಾವುದಾದ್ರೂ ಡೆಂಟಲ್ ಕಾಲೇಜಿನವರ ಹತ್ರ ಒಮ್ಮೆ ತಿದ್ದಿಸೋಣ. ನಮ್ಮ ಕಾಲೇಜಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರು ಇದ್ದೇ ಇದ್ದಾರೆ, ರಜೆಗೆ ಹೋಗುವಾಗ ಬ್ಯಾಗಲ್ಲಿ ಹತ್ತು ಹತ್ತು ಒಯ್ದು ಊರಿನ ಅಂಗನವಾಡಿಗೆ, ಅಂಗಡಿಗೆ ಕೊಡಬಹುದು. ಚಿಕ್ಕಮ್ಮನಿಗೆ ನಾನು ಕೈಯಲ್ಲಿ ಬರೆದುಕೊಟ್ಟ ಚೀಟಿ ಈಗ ಅವರ ಬಚ್ಚಲ ಬಾಗಿಲಿಗೆ ಅಂಟಿದೆ. ಮೊನ್ನೆ ಫೋನಲ್ಲಿ ಆ ಪುಟ್ಟಿ ಹೇಳಿದ್ಳು, "ಅಣ್ಣಾ, ನಾನು ಇವತ್ತು ಉಗುಳಿದೆ!" ನನ್ನ ಸಿಜಿಪಿಎ ಬಂದಾಗಲೂ ಅಷ್ಟು ಖುಷಿ ಆಗಿರಲಿಲ್ಲ.

ನನ್ನ ಬಗ್ಗೆ ಕೇಳ್ತೀರಾ? ಜುಂ ಅನ್ನೋದು ಎರಡು ತಿಂಗಳಲ್ಲಿ ನಿಂತಿತು. ಈಗ ಹಾಸ್ಟೆಲ್ ಎದುರಿನ ಅಂಗಡಿಯ ಸಾದಾ ಪೇಸ್ಟ್, ಮೆತ್ತನೆ ಬ್ರಷ್, ಬಟಾಣಿ ಲೆಕ್ಕ. ಕಲೆ ಹಾಗೇ ಇದೆ. ರೂಮ್‌ಮೇಟಿಗೆ ಫ್ಲೋರೋಸಿಸ್ ಅಂದ್ರೆ ಏನು ಅಂತ ಪೂರ್ತಿ ವಿವರಿಸಿದೆ, ಪಾಪ, ಅವನು ಎರಡು ದಿನ ಸಾರಿ ಕೇಳ್ತಾನೇ ಇದ್ದ. ಈಗ ಅವನೇ ಹೊಸಬರಿಗೆ ಹೇಳ್ತಾನೆ, "ಅದು ಅವನೂರಿನ ಬಂಡೆಯ ಗುರುತು ಕಣೋ" ಅಂತ.

ಇವತ್ತು ರಾತ್ರಿ ಹಲ್ಲುಜ್ಜೋಕೆ ಹೋದಾಗ ನಿಮ್ಮ ಟ್ಯೂಬ್ ಒಮ್ಮೆ ತಿರುಗಿಸಿ ಓದಿ. ಮನೆಗೆ ಫೋನ್ ಮಾಡಿದಾಗ ಅಲ್ಲಿರೋ ಟ್ಯೂಬನ್ನೂ ಓದಿ ಹೇಳಿ. ಈ ಸಲದ ರಾಜ್ಯೋತ್ಸವದ ಫೋಟೋದಲ್ಲಿ ನಾನು ಎರಡನೇ ಸಾಲಲ್ಲೇ ನಿಲ್ತೀನಿ, ಬಾಯಿ ಮುಚ್ಚಿಕೊಂಡಲ್ಲ.